ಪ್ಲಾಸ್ಟರ್ ಕೋಣೆಯಲ್ಲಿ ನಾನು ನೋಡದ ಪಾದಗಳು

ನನ್ನ ಕೈಯಿಂದ ಒಂದು ಮಗುವಿನ ಕಾಲ್ಬೆರಳು ಹೋಗಿದೆ. ಪ್ಲಾಸ್ಟರ್ ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಇದನ್ನೇ ಮೊದಲು ಹೇಳಬೇಕು ಅನಿಸಿತು. ಉಳಿದದ್ದನ್ನು ಹೇಳಲು ಬೇರೆಯವರಿದ್ದಾರೆ.

ನಾನು ಸೇಡಂ ಕಡೆಯವನು. ಹೈದರಾಬಾದಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಪ್ಲಾಸ್ಟರ್ ಟೆಕ್ನಿಷಿಯನ್ ಆಗಿ ಸೇರಿ, ಅದೇ ಕೋಣೆಯಿಂದ ನಿವೃತ್ತನಾದವನು. ಮುರಿದ ಕೈಕಾಲುಗಳು ದಿನವೂ ಬರುತ್ತಿದ್ದವು. ಮಂಗಳವಾರ ಮಾತ್ರ ಸೊಟ್ಟಪಾದದ ಕೂಸುಗಳಿಗೆ ಮೀಸಲು. ಪಾದ ಒಳಕ್ಕೆ ತಿರುಚಿಕೊಂಡು, ಅಂಗಾಲು ಮೇಲಾಗಿ ಹುಟ್ಟುವ ಕೂಸುಗಳು ಅವು. ಹಾಗೇ ಬಿಟ್ಟರೆ ದೊಡ್ಡವರಾದ ಮೇಲೆ ಪಾದದ ಮೇಲ್ಭಾಗವನ್ನು ನೆಲಕ್ಕೆ ಊರಿ ನಡೆಯಬೇಕಾಗುತ್ತದೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅಂಥ ಒಂದು ಕೂಸಿಗೆ ಕಟ್ಟು ಹಾಕಿ, ‘ಎರಡು ವಾರ ಬಿಟ್ಟು ಬಾ’ ಎಂದು ತಾಯಿಗೆ ಹೇಳಿ ಕಳಿಸಿದೆ. ಬೆರಳುಗಳ ಬಣ್ಣ ನೋಡುತ್ತಿರು ಎಂದು ಹೇಳಲಿಲ್ಲ. ಎರಡು ವಾರಕ್ಕೆ ಸರಿಯಾಗಿ ಆಕೆ ಬಂದಳು. ಮೊದಲ ಮೂರು ದಿನ ಒಂದೇ ಸಮನೆ ಅತ್ತ, ಆಮೇಲೆ ಸುಮ್ಮನಾದ, ಗುಣವಾಗುತ್ತಿದೆ ಅಂದುಕೊಂಡೆ ಎಂದಳು. ಅವಳ ಮುಖದಲ್ಲಿ ಖುಷಿಯಿತ್ತು. ಕಟ್ಟು ಕೊಯ್ದು ತೆಗೆದಾಗ ಎರಡು ಬೆರಳು ಕಪ್ಪಾಗಿದ್ದವು. ಕಟ್ಟು ಬಿಗಿಯಾಗಿ ರಕ್ತ ಹರಿದಿರಲಿಲ್ಲ. ಒಂದು ಬೆರಳು ಉಳಿಯಿತು. ಆ ತಾಯಿ ನನ್ನನ್ನು ಬೈಯಲಿಲ್ಲ. ‘ನಾನೇ ಬೇಗ ಬರಬೇಕಿತ್ತು ಸಾರ್, ತಪ್ಪು ನನ್ನದೇ’ ಎಂದು ತೆಲುಗಿನಲ್ಲಿ ಹೇಳಿ ಕೈಮುಗಿದಳು. ಆ ದಿನ ನಾನು ಊಟದ ಡಬ್ಬಿ ತೆರೆಯಲಿಲ್ಲ. ಅಂದಿನಿಂದ ನಿವೃತ್ತನಾಗುವ ತನಕ ಪ್ರತಿ ತಾಯಿಯ ಹೆಬ್ಬೆರಳನ್ನು ಮಗುವಿನ ಕಾಲ್ಬೆರಳ ಮೇಲೆ ನಾನೇ ಇಟ್ಟು ಒತ್ತಿಸಿ, ‘ಒತ್ತಿದಾಗ ಬೆಳ್ಳಗಾಗಬೇಕು, ಬಿಟ್ಟಾಗ ಕೆಂಪಾಗಬೇಕು. ಆಗದಿದ್ದರೆ ಆ ಕ್ಷಣವೇ ಬನ್ನಿ’ ಎಂದು ತೋರಿಸದೆ ಕಳಿಸಿದ್ದಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದೆವು. ಸೊಟ್ಟಪಾದವನ್ನು ಕೊಯ್ದು ಸರಿಮಾಡುವುದರಲ್ಲಿ ಅವರದು ದೊಡ್ಡ ಹೆಸರು. ವಾರಕ್ಕೊಮ್ಮೆ ಪಾದವನ್ನು ಕೈಯಿಂದಲೇ ಸ್ವಲ್ಪಸ್ವಲ್ಪ ತಿರುಗಿಸಿ, ತಿರುಗಿದಷ್ಟಕ್ಕೆ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತ ಹೋದರೆ ದೊಡ್ಡ ಆಪರೇಷನ್ನೇ ಬೇಡ ಎಂಬ ಪದ್ಧತಿ ಬೇರೆ ಆಸ್ಪತ್ರೆಗಳಲ್ಲಿ ಶುರುವಾಗಿತ್ತು. ದೊಡ್ಡ ಸಾರ್ ಅದನ್ನು ಹತ್ತಿರ ಬರಗೊಡಲಿಲ್ಲ. ಒಂದು ದಿನ ಇಪ್ಪತ್ತು ದಾಟಿದ ಯುವಕನೊಬ್ಬ ಬಂದ. ಪಾದಗಳು ನೆಟ್ಟಗಿದ್ದವು, ಆದರೆ ಮರದ ತುಂಡಿನಂತೆ ಬಿಗಿದುಹೋಗಿದ್ದವು. ಮೆಟ್ಟಿಲು ಇಳಿಯಲು ಪಕ್ಕದ ಕಂಬಿ ಬೇಕು. ಗಾಯದ ಗುರುತು ನೋಡಿ ದೊಡ್ಡ ಸಾರ್ ಸಿಟ್ಟಿನಿಂದ, ‘ಯಾರಯ್ಯಾ ಹೀಗೆ ಕೊಯ್ದದ್ದು?’ ಎಂದರು.

ಯುವಕ ಹೆದರಿಕೊಂಡೇ, ‘ಮೀರೇ ಸಾರ್’ ಎಂದ. ನೀವೇ ಸಾರ್.

ಎರಡು ವಾರ ಕಳೆದ ಮೇಲೆ ದೊಡ್ಡ ಸಾರ್ ತಮಗಿಂತ ಬಹಳ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಮಗುವಿನ ಪಾದ ಹಿಡಿಯುವುದನ್ನು ಮೊದಲಿನಿಂದ ಕಲಿತರು. ಅವರ ಪಕ್ಕದಲ್ಲಿ ನಿಂತು ಪಟ್ಟಿ ಸುತ್ತುವುದನ್ನು ನಾನೂ ಮೊದಲಿನಿಂದ ಕಲಿತೆ. ಮಂಗಳವಾರಗಳು ಶುರುವಾದದ್ದು ಹಾಗೆ.

ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷ ಕಳೆದಿದ್ದವು. ಆಗ ಒಂದು ಮಂಗಳವಾರ ದೇವಮ್ಮ ಬಂದಳು. ಯಾದಗಿರಿ ಕಡೆಯವಳು. ಗಂಡ ಹಣಮಂತ ಅಮೀರ್‌ಪೇಟೆಯಲ್ಲಿ ಕಟ್ಟುತ್ತಿದ್ದ ಒಂದು ಹಾಸ್ಟೆಲಿನಲ್ಲಿ ಕಬ್ಬಿಣದ ಸಲಾಕಿ ಕಟ್ಟುವ ಕೆಲಸಕ್ಕಿದ್ದ. ಅವಳು ಅಲ್ಲೇ ಜರಡಿ ಹಿಡಿದು ಉಸುಕು ಸಾಣಿಸುತ್ತಿದ್ದಳು. ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ವಾಸ. ಕೂಸಿನ ಹೆಸರು ರೇಣುಕಾ, ಎರಡು ತಿಂಗಳು. ಎರಡೂ ಪಾದ ಸೊಟ್ಟ.

ಕನ್ನಡ ಕೇಳಿ ನನಗೆ ಖುಷಿಯಾಯಿತು, ಆದರೆ ಖುಷಿ ಎರಡು ವಾರವೂ ಬಾಳಲಿಲ್ಲ. ಹತ್ತೂವರೆಯ ನಂತರ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ನಾನೇ ತೆಲುಗಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೆ. ಕಾರ್ಡ್ ಇಲ್ಲದವರಿಗೂ ಪ್ರವೇಶವಿಲ್ಲ ಎಂದು ಅದರಲ್ಲೇ ಇತ್ತು. ದೇವಮ್ಮ ಪ್ರತಿ ವಾರ ತಡ, ಬೈದು ಒಳಗೆ ಬಿಡುತ್ತಿದ್ದೆ. ಅಷ್ಟೇ ಅಲ್ಲ, ಕೂಸನ್ನು ಮೇಜಿನ ಮೇಲೆ ಮಲಗಿಸು ಎಂದು ಕರೆದರೆ ಏಳುತ್ತಲೇ ಇರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ, ಸೀರೆ ಹರಡಿಕೊಂಡು ನೆಲದ ಮೇಲೆ ಕೂತು, ಕೂಸನ್ನು ಪಕ್ಕದ ಹೆಂಗಸಿನ ಕೈಯಲ್ಲಿ ಒಳಗೆ ಕಳಿಸುತ್ತಿದ್ದಳು. ಒಮ್ಮೆ ನಾನು ಎಲ್ಲರೂ ಕೇಳುವಂತೆ, ‘ಮಹಾರಾಣಿ ಏಳಂಗಿಲ್ಲ, ದಾಸಿಯರು ಕೂಸಿನ ತರಬೇಕು’ ಅಂದೆ. ಕನ್ನಡ ತಿಳಿಯದವರಿಗೂ ನನ್ನ ದನಿ ತಿಳಿಯಿತು. ಒಂದಿಬ್ಬರು ನಕ್ಕರು. ದೇವಮ್ಮ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು.

ನಾಲ್ಕನೆಯ ವಾರ ಅವಳು ಬಂದಾಗ ಹನ್ನೊಂದೂಮುಕ್ಕಾಲು.

‘ಇವತ್ತ ಆಗಂಗಿಲ್ಲವ್ವಾ. ಎಷ್ಟ ಸಲ ಹೇಳಬೇಕು? ಮುಂದಿನ ವಾರ ಲಗೂನ ಬಾ’ ಎಂದೆ.

‘ಬಸ್ ಇಳದು ಬರೂದ್ರಾಗ ಹೊತ್ತಾತ್ರಿ ಅಣ್ಣಾರ.’

‘ಬಸ್ ಸ್ಟಾಪ್ ಗೇಟಿನ ಮುಂದೇ ಅದ. ಅಲ್ಲಿಂದ ಇಲ್ಲಿಗೆ ಐದ ಮಿನಿಟ್. ನೀ ಎಲ್ಲೆ ಕುಂತಿದ್ದಿ?’

ನಾನು ಕೈ ತೊಳೆದುಕೊಂಡು ಚಹಾ ಕುಡಿಯಲು ಕೆಳಗೆ ಹೋದೆ. ಕ್ಯಾಂಟೀನಿನ ಕಿಟಕಿಯ ಹತ್ತಿರ ಲೋಟ ಹಿಡಿದು ನಿಂತಾಗ ಹೊರಗಿನ ಅಂಗಳದಲ್ಲಿ ಒಬ್ಬ ಹೆಂಗಸು ಕೂಸನ್ನು ಎದೆಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಎರಡು ಹೆಜ್ಜೆ ಹಾಕಿ ನಿಲ್ಲುವಳು. ಇಡೀ ಮೈ ಎಡಕ್ಕೆ ವಾಲುವುದು, ಆಮೇಲೆ ಬಲಕ್ಕೆ. ಮೆಟ್ಟಿಲು ಬಂದಾಗ ಸೀರೆಯನ್ನು ಸ್ವಲ್ಪ ಎತ್ತಿಕೊಂಡಳು. ಎರಡೂ ಪಾದಗಳು ಒಳಕ್ಕೆ ಪೂರ್ತಿ ಮಗುಚಿಕೊಂಡಿದ್ದವು. ಬೆರಳುಗಳು ಹಿಂದಕ್ಕೆ ನೋಡುತ್ತಿದ್ದವು. ಪಾದದ ಮೇಲ್ಭಾಗ ನೆಲದ ಮೇಲಿತ್ತು.

ದೇವಮ್ಮ.

ಚಹಾ ಲೋಟ ಎಲ್ಲಿ ಇಟ್ಟೆನೋ ನೆನಪಿಲ್ಲ. ಓಡಿ ಹೋಗಿ ಅವಳ ಮುಂದೆ ನಿಂತೆ. ದಿನವಿಡೀ ಕಾಲುಗಳನ್ನೇ ನೋಡುವ ಮನುಷ್ಯ ನಾನು. ಒಂದು ತಿಂಗಳು ನನ್ನ ಬಾಗಿಲಲ್ಲಿ ಕೂತವಳ ಕಾಲು ನೋಡಿರಲಿಲ್ಲ.

‘ತಂಗಿ, ನಿನ್ನ ಕಾಲು...’

‘ಹುಟ್ಟಿದಾಗಿಂದ ಹಿಂಗೇ ಅದಾವ್ರಿ.’

‘ಒಂದ ಮಾತ ಹೇಳಬಾರದೇನು?’

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. ‘ಊರ ಕಡೆ ಒಂದ್ ದವಾಖಾನಿಗೆ ಹೋಗಿದ್ವಿ. ಅಲ್ಲೆ ನನ್ನ ಕಾಲ್ ನೋಡಿದ್ರು. ತಾಯೀದೇ ಹಿಂಗೈತಿ, ಇದು ರಕ್ತದಾಗಿಂದು, ಮಾಡಿದ್ರೂ ನೆಟ್ಟಗಾಗಂಗಿಲ್ಲ, ತಗೊಂಡ ಹೋಗು ಅಂದ್ರು. ಕೂಸಿನ್ನ ಮುಟ್ಟಿ ಸೈತ ನೋಡಲಿಲ್ರಿ. ಅದಕ್ಕ ಇಲ್ಲಿ ನನ್ನ ಕಾಲ್ ಯಾರಿಗೂ ಕಾಣಬಾರ್ದಂತ ಮಾಡಿದ್ದೆ. ಈಗ ನೀವು ನೋಡಿಬಿಟ್ರಿ. ಕೂಸಿನ ಬಿಡಬ್ಯಾಡ್ರಿ ಅಣ್ಣಾ.’

ಅವಳ ಕಣಕಾಲಿನ ಮೇಲೆ ದುಂಡಗಿನ ಹಳೆಯ ಸುಟ್ಟ ಗುರುತುಗಳಿದ್ದವು, ಒಂದರ ಪಕ್ಕ ಒಂದು. ನಾನು ಅವನ್ನು ನೋಡುತ್ತಿರುವುದು ಅವಳಿಗೆ ತಿಳಿಯಿತು.

‘ಬರಿ ಹಾಕ್ಸಿದ್ರು, ಸಣ್ಣಾಕಿದ್ದಾಗ. ಸುಟ್ರ ನೆಟ್ಟಗಾಗ್ತಾವಂತ. ರೇಣುಕಾಗೂ ಹಾಕ್ಸೂನು ಅಂತ ಅತ್ತಿ ದಿನ ಗೊತ್ತ ಮಾಡಿದ್ಲು. ನಾ ಹದಿನೈದ ದಿನದ ಬಾಣಂತಿ, ಕೂಸಿನ್ನ ಎತ್ಕೊಂಡು ಇವರು ಕೆಲಸ ಮಾಡೂ ಜಾಗಾಕ್ಕ ಬಂದಬಿಟ್ಟೆ.’

ಆ ಕಾಲುಗಳಲ್ಲಿ ಬಂದಿದ್ದಳು. ಬಸ್ ಸ್ಟಾಪಿನಿಂದ ನನ್ನ ಕೋಣೆಗೆ ನಾನು ಲೆಕ್ಕ ಹಾಕಿದ್ದ ಐದು ನಿಮಿಷ ಅವಳಿಗೆ ಮುಕ್ಕಾಲು ಗಂಟೆ. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾನೇ ಮೇಲಕ್ಕೆ ತಂದೆ. ದೊಡ್ಡ ಸಾರ್ ಮನೆಗೆ ಹೊರಟಿದ್ದರು. ಅವಳನ್ನು ನೋಡಿ ಚೀಲ ಕೆಳಗಿಟ್ಟರು. ಆ ದಿನದ ಪ್ಲಾಸ್ಟರ್ ತಪ್ಪಲಿಲ್ಲ. ಕೊನೆಯಲ್ಲಿ ನಾನು ಕೈಮುಗಿದು, ‘ಅವತ್ತ ಮಹಾರಾಣಿ ಅಂದೆ, ತಪ್ಪಾತು’ ಅಂದೆ. ಅವಳಿಗೆ ಮುಜುಗರವಾಯಿತು. ‘ಇರಲಿ ಬಿಡ್ರಿ, ಅದಕ್ಕೇನು’ ಎಂದು ಕೂಸಿನ ಬೆರಳು ಒತ್ತಿ ಬಣ್ಣ ನೋಡತೊಡಗಿದಳು.

ಅಲ್ಲಿಂದ ಎಲ್ಲ ಚೆನ್ನಾಗಿಯೇ ನಡೆಯಿತು. ಆರು ಪ್ಲಾಸ್ಟರ್‌ಗಳಾದವು. ಹಿಮ್ಮಡಿಯ ಬಿಗಿದ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತವಾಯಿತು. ಮತ್ತೆ ಮೂರು ವಾರದ ಕಟ್ಟು ಬಿಚ್ಚಿದಾಗ ರೇಣುಕಾಳ ಪಾದಗಳು ಚಪ್ಪಟೆಯಾಗಿ ಮೇಜಿನ ಮೇಲೆ ಕೂತವು. ದೇವಮ್ಮ ಅವನ್ನು ಮುಟ್ಟಲು ಹೆದರಿದಳು. ಕೊನೆಯ ಹಂತ ಒಂದು ಉಕ್ಕಿನ ಪಟ್ಟಿಗೆ ಜೋಡಿಸಿದ ಎರಡು ಪುಟ್ಟ ಬೂಟು. ಮೊದಲ ಮೂರು ತಿಂಗಳು ಹಗಲೂ ರಾತ್ರಿ, ಆಮೇಲೆ ನಾಲ್ಕೈದು ವರ್ಷ ಮಲಗುವಾಗ ಹಾಕಬೇಕು. ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಬೂಟುಗಳನ್ನು ಒಂದು ದತ್ತಿ ಸಂಸ್ಥೆ ಉಚಿತವಾಗಿ ಕೊಡುತ್ತಿತ್ತು. ಕೂಸು ಬೆಳೆದಂತೆ ಬದಲಿಸಬೇಕು, ಪಟ್ಟಿಯ ಅಗಲ ಕೂಸಿನ ಭುಜದಷ್ಟಿರಬೇಕು ಎಂದು ಮಾತಿನ ನಡುವೆ ದೇವಮ್ಮನಿಗೆ ಹೇಳಿದ್ದೆ.

ಅದಾದ ಮೇಲೆ ನನಗೆ ಹರ್ನಿಯಾ ಆಪರೇಷನ್ ಆಗಿ ಎರಡು ತಿಂಗಳು ರಜೆಯಲ್ಲಿದ್ದೆ. ಮರಳಿ ಬಂದು ರಿಜಿಸ್ಟರ್ ತೆಗೆದರೆ ರೇಣುಕಾಳ ಹೆಸರಿನ ಮುಂದೆ ಎರಡು ಭೇಟಿ ಖಾಲಿ. ಫೋನ್ ಹತ್ತಲಿಲ್ಲ. ಇನ್ನೂ ಒಂದು ತಿಂಗಳು ಕಾದೆ. ಬಿಟ್ಟುಬಿಟ್ಟರು, ಇಷ್ಟು ಮಾಡಿ ಕೊನೆಯಲ್ಲಿ ಬಿಟ್ಟುಬಿಟ್ಟರು ಎಂದು ನನಗೆ ಸಿಟ್ಟು ಬಂತು. ಒಂದು ಭಾನುವಾರ ಬೆಳಿಗ್ಗೆ ಅಮೀರ್‌ಪೇಟೆಗೆ ಹೋದೆ. ಹಾಸ್ಟೆಲ್ ತಯಾರಾಗಿ, ಕೋಚಿಂಗಿಗೆ ಬಂದ ಹುಡುಗರು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಹಿಂದಿನ ಶೆಡ್ಡುಗಳ ಜಾಗದಲ್ಲಿ ಬೈಕುಗಳು ನಿಂತಿದ್ದವು. ಕಾವಲಿನವನು ಮೇಸ್ತ್ರಿಯ ನಂಬರ್ ಕೊಟ್ಟ. ಮೇಸ್ತ್ರಿ ಊರ ಹೊರಗಿನ ಇನ್ನೊಂದು ಕಟ್ಟಡದ ವಿಳಾಸ ಹೇಳಿದ. ಎರಡು ಬಸ್ ಬದಲಿಸಿ ಹೋದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಶೆಡ್ಡಿನಲ್ಲಿ ಹಣಮಂತನಿದ್ದ. ಅವನನ್ನು ನಾನು ನೋಡಿದ್ದು ಅದೇ ಮೊದಲು. ಕೂಸು ಚಾಪೆಯ ಮೇಲೆ ಮಲಗಿತ್ತು. ಅದರ ಕಾಲಿಗೆ ಏನೋ ಕಟ್ಟಿತ್ತು. ಬಗ್ಗಿ ನೋಡಿದೆ. ಬೂಟುಗಳು ನಮ್ಮವೇ, ಆದರೆ ಬೆರಳು ಹೊರಬರುವಂತೆ ಮುಂದಿನ ಚರ್ಮ ಕತ್ತರಿಸಿತ್ತು. ನಡುವಿನ ಪಟ್ಟಿ ಮಾತ್ರ ನಮ್ಮದಲ್ಲ. ಕಟ್ಟಡದ ಸಲಾಕಿಯನ್ನು ಬಡಿದು ಚಪ್ಪಟೆ ಮಾಡಿ, ಎರಡೂ ತುದಿಗೆ ತಗಡು ಬೆಸೆದು ಮಾಡಿದ್ದು. ಮೂಲೆಗಳನ್ನು ಕೂಸಿಗೆ ಚುಚ್ಚದಂತೆ ನುಣ್ಣಗೆ ಉಜ್ಜಿ, ಹಳೆಯ ಸೀರೆಯ ಬಟ್ಟೆ ಸುತ್ತಿತ್ತು.

‘ಇದನ್ನ ಯಾರು ಮಾಡಿದ್ರು?’

‘ನಾನೇ ಮಾಡೀನ್ರಿ’ ಅಂದ ಹಣಮಂತ, ಬೈಸಿಕೊಳ್ಳಲು ತಯಾರಾದವನಂತೆ. ‘ಹಳೇದು ಸಣ್ಣದಾತ್ರಿ. ಭುಜದಷ್ಟ ಅಗಲ ಇರಬೇಕಂತ ನೀವು ಹೇಳಿದ್ರಂತ. ಕೂಸಿನ ಭುಜಕ್ಕ ದಾರ ಹಿಡದು ಅಳತಿ ತಗೊಂಡೆ. ಬೂಟು ಎಷ್ಟ ಹೊರಗ ವಾರಿ ಇರಬೇಕಂತ ಹಳೇದರ ಮ್ಯಾಲ ಇಟ್ಟು ಸೀಮೆಸುಣ್ಣದಿಂದ ಗೀಟ ಹಾಕ್ಕೊಂಡೆ. ವೆಲ್ಡಿಂಗ್ ಮಾಡೂ ಭಾಯ್‌ಗೆ ಹೇಳಿ ಬೆಸಗಿ ಹಾಕ್ಸಿದೆ. ತಪ್ಪಾಗಿದ್ರ ಹೇಳ್ರಿ, ಬಿಚ್ಚಿ ಮತ್ತ ಮಾಡ್ತೀನಿ.’

‘ದವಾಖಾನಿಗೆ ಯಾಕ ಬರಲಿಲ್ಲ?’

ಒಲೆಯ ಹತ್ತಿರ ಕೂತಿದ್ದ ದೇವಮ್ಮ ಆಗ ಬಾಯಿ ತೆರೆದಳು. ‘ಬಂದಿದ್ನಲ್ರಿ. ಎರಡ ಸಲ ಬಂದೆ. ನೀವಿರಲಿಲ್ಲ. ಶೆಡ್ಡು ಕಿತ್ತುವಾಗ ಕಾರ್ಡ್ ಕಳದಿತ್ತು. ಬಾಗಲದಾಗಿದ್ದವರು ಅಲ್ಲೆ ಅಂಟಿಸಿದ ಹಾಳಿ ತೋರಿಸಿ, ಏನೋ ಅಂದು ಕಳಿಸಿದ್ರು. ಎರಡನೇ ಸಲಾನೂ ಅದೇ ಹಾಳೀನೇ ತೋರಿಸಿದ್ರು.’

ಅದು ನನ್ನ ಕೈಬರಹದ ಹಾಳೆ. ಅವಳ ಕಾಲು ನೋಡಿದ ದಿನದಿಂದ ಅವಳೊಬ್ಬಳಿಗೆ ನಿಯಮ ಬೇಡ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದೆ. ಹಾಳೆ ಬಾಗಿಲ ಮೇಲೆ ಹಾಗೇ ಇತ್ತು. ನನ್ನ ಬದಲಿಗೆ ಬಂದವರು ಅದನ್ನು ಓದಿ ಪಾಲಿಸಿದ್ದರು, ಅಷ್ಟೇ. ಆ ಕಾಲುಗಳಲ್ಲಿ ಊರ ಹೊರಗಿನಿಂದ ಎರಡು ಸಲ ಬಂದವಳನ್ನು ನನ್ನ ಅಕ್ಷರಗಳು ಎರಡು ಸಲ ವಾಪಸ್ ಕಳಿಸಿದ್ದವು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಒಂದು ಬೈಗುಳವೂ ನನ್ನ ಬಾಯಿಂದ ಬರಲಿಲ್ಲ. ನಾನು ಚಾಪೆಯ ಮೇಲೆ ಕೂತುಬಿಟ್ಟೆ. ಹಣಮಂತ ನೀರು ಕೊಟ್ಟ.

ಮಂಗಳವಾರ ಅವರೆಲ್ಲ ಬಂದರು. ದೊಡ್ಡ ಸಾರ್ ಆ ಸಲಾಕಿಯ ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೋನಮಾಪಕ ಹಿಡಿದರು. ಮತ್ತೊಮ್ಮೆ ಹಿಡಿದರು. ಬೂಟುಗಳು ಎಷ್ಟು ಹೊರಕ್ಕೆ ತಿರುಗಿರಬೇಕೋ ಅಷ್ಟೇ ತಿರುಗಿದ್ದವು. ಕೂಸಿನ ಪಾದಗಳು ಒಂದು ಕೂದಲೆಳೆಯಷ್ಟೂ ಹಿಂದಕ್ಕೆ ಹೋಗಿರಲಿಲ್ಲ. ದೊಡ್ಡ ಸಾರ್ ಕನ್ನಡಕ ತೆಗೆದು ನನ್ನ ಕಡೆ ನೋಡಿ, ‘ಈ ಮನುಷ್ಯನ ಕೂಸನ್ನೇನಯ್ಯಾ ನಾವು ಬಾಗಿಲಿಂದ ವಾಪಸ್ ಕಳಿಸಿದ್ದು?’ ಎಂದರು. ನಾನು ಎದ್ದು ಹೋಗಿ ಹಾಳೆ ಕಿತ್ತು ಹಾಕಿದೆ. ಆಮೇಲೆ ಆ ಬಾಗಿಲಿಗೆ ಏನನ್ನೂ ಅಂಟಿಸಲಿಲ್ಲ. ಗದ್ದಲ ಜಾಸ್ತಿಯಾಯಿತು, ಊಟದ ಹೊತ್ತು ತಪ್ಪಿತು, ಜೊತೆಯವರು ನನ್ನನ್ನು ಬೈದರು. ತಂದೆಯರನ್ನೂ ಕೋಣೆಯ ಒಳಗೆ ಕರೆಯಲು ಶುರುಮಾಡಿದೆ. ಅಲ್ಲಿಯವರೆಗೆ ಅವರು ಹೊರಗೆ ಬೀಡಿ ಸೇದುತ್ತ ನಿಲ್ಲುವವರು ಎಂದಷ್ಟೇ ನಾನು ತಿಳಿದಿದ್ದೆ.

ರೇಣುಕಾಗೆ ಐದು ವರ್ಷ ತುಂಬಿದಾಗ ಬೂಟು ಸಾಕು ಎಂದು ಹೇಳುವ ದಿನ ಬಂತು. ನನ್ನ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಹುಡುಗಿ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಿದಳು. ಸುಲ್ತಾನ್ ಬಜಾರಿನಿಂದ ಅಪ್ಪ ತಂದ ಕೆಂಪು ಚಪ್ಪಲಿ ಟಪಟಪ ಸದ್ದು ಮಾಡುತ್ತಿತ್ತು. ಓಡಿ ಬಂದವಳು ನನ್ನ ಮೇಜಿಗೆ ಗಲ್ಲ ಊರಿ ಕೇಳಿದಳು:

‘ಮಾಮಾ, ನಮ್ಮವ್ವನ ಕಾಲು ಯಾವಾಗ ಮಾಡ್ತೀರಿ?’

ದೇವಮ್ಮ ‘ಸುಮ್ಮಕಿರು’ ಎಂದು ಗದರಿದಳು. ಐದು ವರ್ಷದಲ್ಲಿ ಅವಳು ಎಷ್ಟು ಸಲ ಬಂದಿದ್ದಳೋ. ಗಾಲಿಕುರ್ಚಿ ಕೊಟ್ಟಿದ್ದೆವು, ಕುರ್ಚಿ ಹಾಕಿದ್ದೆವು, ತಡವಾದರೆ ಕಾದಿದ್ದೆವು. ಅವಳ ಕಾಲನ್ನು ಒಂದು ಸಲವೂ ಮೇಜಿನ ಮೇಲಿಡಿಸಿ ನೋಡಿರಲಿಲ್ಲ. ನಮ್ಮ ಎಲ್ಲ ಕಾಗದಗಳಲ್ಲಿ ಅವಳು ‘ರೇಣುಕಾಳ ತಾಯಿ’, ಅಷ್ಟೇ.

ಅವಳನ್ನು ಕೆಳಗಿನ ಚೀಟಿ ಕೌಂಟರಿಗೆ ಕರೆದುಕೊಂಡು ಹೋದೆ. ಗುಮಾಸ್ತ ತಲೆಯೆತ್ತದೆ ಹೆಸರು ಬರೆದುಕೊಂಡ. ಏನು ತೊಂದರೆ ಎಂದು ಕೇಳಿದ. ನಾನು ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿದಳು.

‘ನಡದ್ರ ನೋವ ಆಗತೈತ್ರಿ.’

ಐದು ವರ್ಷದಲ್ಲಿ ಅವಳ ಬಾಯಿಂದ ನೋವು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಎಷ್ಟು ದಿನದಿಂದ ಎಂದು ಗುಮಾಸ್ತ ಕೇಳಿದ.

‘ನಡ್ಯಾಕ ಕಲ್ತಾಗಿಂದ.’

ದೊಡ್ಡ ಸಾರ್ ಆಗ ನಿವೃತ್ತರಾಗಿದ್ದರು. ಅವರಿಗೆ ಕಲಿಸಿದ ಆ ವೈದ್ಯೆಯೇ ಈಗ ಮುಖ್ಯಸ್ಥೆ. ದೇವಮ್ಮನ ಮೂಳೆ ಬಲಿತುಹೋಗಿದೆ, ಪ್ಲಾಸ್ಟರಿನಿಂದ ಆಗುವುದಿಲ್ಲ, ಮೂಳೆ ಕೊಯ್ದು ಜೋಡಿಸಬೇಕು, ಪಾದ ಬಿಗಿಯಾಗಿಯೇ ಉಳಿಯುತ್ತದೆ, ಆದರೆ ನೆಲಕ್ಕೆ ಕೂರುತ್ತದೆ, ಒಂದೊಂದೇ ಕಾಲು ಮಾಡಬೇಕು ಎಂದು ಅವರು ಏನನ್ನೂ ಮುಚ್ಚಿಡದೆ ಹೇಳಿದರು. ಗಂಡ ಹೆಂಡತಿ ಹೊರಗೆ ಹೋಗಿ ಮಾತಾಡಿಕೊಂಡು ಬಂದರು. ಮೊದಲು ಬಲಗಾಲು ಎಂದಳು ದೇವಮ್ಮ.

ಮೂರು ತಿಂಗಳ ಪ್ಲಾಸ್ಟರ್ ಬಿಚ್ಚಿದವನು ನಾನೇ. ಒಳಗಿನ ಅಂಗಾಲು ಕಂಡು ನನ್ನ ಕೈ ನಿಂತಿತು. ಮೂವತ್ತು ದಾಟಿದ, ಕಲ್ಲು ಮಣ್ಣಿನಲ್ಲಿ ದುಡಿದ ಹೆಂಗಸಿನ ಅಂಗಾಲು ಎಳೆಗೂಸಿನದರಂತೆ ಮೆತ್ತಗಿತ್ತು. ಅದು ಒಂದು ದಿನವೂ ನೆಲ ಮುಟ್ಟಿರಲಿಲ್ಲ. ನಾನು ಒಂದು ಕಡೆ, ಹಣಮಂತ ಒಂದು ಕಡೆ ಹಿಡಿದುಕೊಂಡು ಅವಳನ್ನು ಮೇಜಿನಿಂದ ಇಳಿಸಿದೆವು. ಬಲಗಾಲನ್ನು ಮೆಲ್ಲಗೆ ಕೆಳಗಿಟ್ಟಳು. ತಟ್ಟನೆ ಎತ್ತಿಕೊಂಡಳು.

‘ನೋವಾತೇನು?’ ಎಂದೆ ಗಾಬರಿಯಿಂದ.

ಅವಳು ಇಲ್ಲವೆಂದು ತಲೆಯಾಡಿಸಿ ಮತ್ತೆ ಕಾಲು ಕೆಳಗಿಟ್ಟು, ಈ ಸಲ ಹಾಗೇ ಬಿಟ್ಟು, ನಮ್ಮಿಬ್ಬರ ಮುಖ ನೋಡಿದಳು.

‘ನೆಲ ಇಷ್ಟ ತಣ್ಣಗಿರ್ತೈತೇನ್ರಿ?’